ಕುವೈತಿನ ಮಿಡತೆ: 1987ರ ರಿಮೋಟ್ ಬಗ್ಗಿಯನ್ನು ಮತ್ತೆ ಓಡಿಸಿದ ಲೆಕ್ಕ

ಕಳೆದ ವಾರ ಅಡಿಕೆ ಅಂಗಳದಲ್ಲಿ ಓಡುವ ಬಿಳಿ ಕಾರಿನ ವಿಡಿಯೋ ಹಾಕಿದ ಮೇಲೆ ಸುಮಾರು ಜನ ಫೋನ್ ಮಾಡಿದ್ದೀರಿ. "ಮಾರಾಯ್ರೆ, ಕೊಯ್ಲಿನ ಸಮಯದಲ್ಲಿ ನಿಮಗೆ ಮಕ್ಕಳಾಟವಾ?" ಅಂತ ಕೇಳಿದವರೂ ಉಂಟು, "ನಮ್ಮ ಅಟ್ಟದಲ್ಲೂ ಹೀಗಿನದ್ದೊಂದು ಉಂಟು, ಎಂತ ಮಾಡುದು?" ಅಂತ ಕೇಳಿದವರೂ ಉಂಟು. ಎರಡನೆಯವರಿಗಾಗಿ ಇದನ್ನು ಬರೀತಾ ಇದ್ದೇನೆ. ಮೊದಲನೆಯವರೂ ಓದಿ. ಪಂಪು, ಕಳೆ ಕತ್ತರಿಸುವ ಮೆಷಿನ್ನು ಇಟ್ಟುಕೊಂಡವರಿಗೆ ಬೇಕಾದ ಒಂದೆರಡು ವಿಷಯ ಇದರಲ್ಲಿ ಉಂಟು.

ಈ ಕಾರಿನ ಹೆಸರು ಗ್ರಾಸ್‌ಹಾಪರ್, ಅಂದರೆ ಮಿಡತೆ. ಜಪಾನಿನ ತಮಿಯಾ ಕಂಪೆನಿ 1984ರಲ್ಲಿ ತಂದ ಮಾಡೆಲ್. ಈ ಕಂಪೆನಿ ಇರುವ ಶಿಜುವೋಕಾ ಗ್ರೀನ್ ಟೀ ಬೆಳೆಗೆ ಹೆಸರಾದ ಊರು. 1946ರಲ್ಲಿ ಮರದ ಮಿಲ್ಲಾಗಿ ಶುರುವಾದ ಕಂಪೆನಿ ಆಮೇಲೆ ಮರದ ಮಾದರಿಗಳನ್ನು ಮಾಡಿ, ಅಲ್ಲಿಂದ ಪ್ಲಾಸ್ಟಿಕ್ಕಿಗೆ ಬಂತು. 1979ರಲ್ಲಿ ಅವರು ಮಾಡಿದ ಮೊದಲ ಬಗ್ಗಿಗಳಲ್ಲಿ ಲೋಹದ ಭಾಗ ಜಾಸ್ತಿ, ಕ್ರಯವೂ ಜಾಸ್ತಿ. ಗ್ರಾಸ್‌ಹಾಪರ್ ಹೊಸಬರಿಗೆ ಅಂತಲೇ ಸುಲಭವಾಗಿ, ಕಡಿಮೆ ಕ್ರಯಕ್ಕೆ ಸಿಗುವ ಹಾಗೆ ಮಾಡಿದ್ದು. ನಿಜವಾದ ಗಾಡಿಯ ಹತ್ತನೇ ಒಂದರಷ್ಟು ಅಳತೆ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ. ಮೋಟಾರು ಕೂತಿರುವುದು ಗೇರ್‌ಬಾಕ್ಸಿಗೇ, ಹಾಗಾಗಿ ಗುಂಡಿಗೆ ಬಿದ್ದಾಗ ಹಿಂದಿನ ಇಡೀ ಗೇರ್‌ಬಾಕ್ಸು ಮೋಟಾರಿನ ಸಮೇತ ಮೇಲೆ ಕೆಳಗೆ ಆಡ್ತದೆ. ಶಾಕಿನಲ್ಲಿ ಎಣ್ಣೆ ಇಲ್ಲ, ಬರೇ ಸ್ಪ್ರಿಂಗ್. ಹೆಸರಿಗೆ ತಕ್ಕ ಹಾಗೆ ಕುಪ್ಪಳಿಸಿಯೇ ಹೋಗುವುದು.

ಇದು ನಮ್ಮ ಮನೆಗೆ ಬಂದದ್ದು 1987ರಲ್ಲಿ. ನನ್ನ ಸೋದರಮಾವ ಆಗ ಕುವೈತಿನಲ್ಲಿ ಎಸಿ ಮೆಕ್ಯಾನಿಕ್. ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ತಂದರು. ಬಂದದ್ದು ಕಾರಲ್ಲ, ಬಿಡಿ ಭಾಗ. ಅಜ್ಜನ ಮನೆಯ ಚಾವಡಿಯಲ್ಲಿ ಚಾಪೆ ಹಾಕಿ, ಪುಸ್ತಕ ನೋಡಿಕೊಂಡು, ಮೂರು ರಾತ್ರಿ ಕೂತು ಅವರೇ ಜೋಡಿಸಿದ್ದು. ನನಗೆ ಒಂಬತ್ತು ವರ್ಷ. ಸ್ಕ್ರೂ ಹೆಕ್ಕಿ ಕೊಡುವ ಕೆಲಸ ಮಾತ್ರ ನನ್ನದು. ನಾಲ್ಕು ವರ್ಷದ ನಂತರ ಬ್ಯಾಟರಿ ಸತ್ತಿತು, ಬೇರೆ ಬ್ಯಾಟರಿ ಇಲ್ಲಿ ಸಿಗಲಿಲ್ಲ, ಕಾರು ಅಟ್ಟಕ್ಕೆ ಹೋಯಿತು. ಹೋದ ಮಳೆಗಾಲ ಮಾಡಿನ ಹಂಚು ತೆಗೆಸುವಾಗ ಕೆಳಗೆ ಬಂತು. ಒಳಗೆ ಕಣಜದ ಮಣ್ಣುಗೂಡು, ಇಲಿ ತಿಂದ ವಯರು, ಕಲ್ಲಿನ ಹಾಗೆ ಗಟ್ಟಿಯಾದ ಟಯರು.

ನನ್ನ ಮಗನ ಹತ್ತಿರ ಈಗಿನ ಕಾಲದ ಒಂದು ರಿಮೋಟ್ ಕಾರು ಉಂಟು. ಲಿಥಿಯಂ ಬ್ಯಾಟರಿ, ಬ್ರಶ್‌ಲೆಸ್ ಮೋಟಾರು, ಬಟನ್ ಒತ್ತಿದರೆ ಕಣ್ಣಿಗೆ ಕಾಣುವುದಿಲ್ಲ. ಅದರ ರಿಪೇರಿ ನಾನೇ ಮಾಡುವುದು. ಆದರೆ ಹಳೆ ಮಾಡೆಲಿಗೆ ನಾನು ಹೊಸಬ. ಮಗ ನೋಡಿದವನೇ ಹೇಳಿದ, "ಅಪ್ಪಾ, ಒಳಗಿನದ್ದೆಲ್ಲ ತೆಗೆದು ಬಿಸಾಡುವಾ. ಹೊಸ ಮೋಟಾರು ಹಾಕುವಾ, ಬಾಡಿಗೆ ಪೈಂಟ್ ಹೊಡೆಯುವಾ." ಅವನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಪ್ಲಾಸ್ಟಿಕ್ ಗೇರು 380 ಅಳತೆಯ ಸಣ್ಣ ಮೋಟಾರಿಗೆ ಅಂತ ಮಾಡಿದ್ದು. ಅದಕ್ಕೆ ಈಗಿನ ಬಲ ಕೊಟ್ಟರೆ ಮೂರು ಅಶ್ವಶಕ್ತಿಯ ಪಂಪಿನ ಹಳೆ ಪೈಪಿಗೆ ಹತ್ತರ ಪಂಪು ಕೂರಿಸಿದ ಹಾಗೆ. ಅದಕ್ಕಿಂತ ಮುಖ್ಯ, ಕಾರು ನನ್ನದೂ ಅಲ್ಲ, ಅವನದೂ ಅಲ್ಲ. ಮಾವನನ್ನು ಕೇಳದೆ ಸ್ಕ್ರೂ ತಿರುಗಿಸುವುದು ಸರಿಯಲ್ಲ ಅಂತ ಕಂಡಿತು.

ಮಾವನಿಗೆ ಈಗ ಎಪ್ಪತ್ತಮೂರು. ಕೈ ಸ್ವಲ್ಪ ನಡುಗ್ತದೆ. ಕಾರು ತಕ್ಕೊಂಡು ಹೋಗಿ ಎದುರಿಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ಬಾಡಿಯ ಅಡಿಯಲ್ಲಿ ಅವರೇ ಕುಂಚದಲ್ಲಿ "ಕುವೈತ್ 87" ಅಂತ ಬರೆದದ್ದು ಹಾಗೇ ಉಂಟು. ಅತ್ತೆ ಕಪಾಟಿನಿಂದ ಜೋಡಿಸುವ ಪುಸ್ತಕ ತೆಗೆದುಕೊಟ್ಟರು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು. ಮಾವ ಹೇಳಿದ್ದು ಒಂದೇ, "ಬಣ್ಣಕ್ಕೆ ಎಂತ ಮಾಡ್ಬೇಡ ಮಗಾ. ಓಡಿದ್ರೆ ಸಾಕು."

ಅಲ್ಲಿಗೆ ನನ್ನ ಕೆಲಸದ ಗಡಿ ಗೊತ್ತಾಯಿತು. ಪುನಃ ಮೊದಲಿನ ಹಾಗೆ ಮಾಡಲಿಕ್ಕೆ ಬರುವ ಬದಲಾವಣೆ ಮಾತ್ರ ಮಾಡುವುದು, ತೆಗೆದ ಪ್ರತಿಯೊಂದನ್ನೂ ಬಿಸ್ಕುಟಿನ ಡಬ್ಬದಲ್ಲಿ ಹೆಸರು ಬರೆದು ಇಡುವುದು.

ಇನ್ನು ಕೆಲಸದ ವಿಷಯ, ಒಂದೊಂದಾಗಿ.

ಮೊದಲು ಸೆಲ್. ರಿಮೋಟಿನೊಳಗೆ ಬಿಟ್ಟಿದ್ದ ಪೆನ್‌ಸೆಲ್ಲುಗಳು ಸೋರಿ ಬೋರ್ಡನ್ನೇ ತಿಂದಿದ್ದವು. ಇಲ್ಲಿ ನಮ್ಮ ಬೋರ್ಡೋ ಬುದ್ಧಿ ಉಪಯೋಗಕ್ಕೆ ಬರ್ತದೆ. ಮೈಲುತುತ್ತಿನ ಹುಳಿಗೆ ಸುಣ್ಣ ಸೇರಿಸಿ ಸಮ ಮಾಡ್ತೇವಲ್ಲ, ಹಾಗೇ. ಹಳೆ ಸಾದಾ ಸೆಲ್ಲಿನ ಸೋರಿಕೆ ಹುಳಿ, ಅದಕ್ಕೆ ಅಡಿಗೆ ಸೋಡಾ. ಆಲ್ಕಲೈನ್ ಸೆಲ್ಲಿನದ್ದು ಮತ್ತು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯದ್ದು ಕ್ಷಾರ, ಅದಕ್ಕೆ ಎರಡು ಹನಿ ಲಿಂಬೆ ರಸ ಅಥವಾ ವಿನೆಗರ್. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಬೇಕು. ಕೈಗೆ ಗ್ಲೌಸ್ ಇರಲಿ.

ಆ ಕಾಲದ ಕಾರಿನ ಬ್ಯಾಟರಿಯಲ್ಲಿ ಕ್ಯಾಡ್ಮಿಯಂ ಇರ್ತದೆ. ಅದು ವಿಷ. ತೋಟದ ಮೂಲೆಯ ಗುಂಡಿಗೆ ಎಸೆಯಬೇಡಿ, ಬೆಂಕಿಗೂ ಹಾಕಬೇಡಿ. ಮಣ್ಣಿಗೆ ಸೇರಿದರೆ ಗಿಡ ಅದನ್ನು ಬೇರಿನಲ್ಲಿ ಎಳೀತದೆ. ಇ-ತ್ಯಾಜ್ಯ ತಕ್ಕೊಳ್ಳುವವರಿಗೇ ಕೊಡಿ.

ಎರಡನೆಯದು ಸ್ಕ್ರೂ. ಇದು ಎಲ್ಲರಿಗೂ ಬೇಕಾದ ವಿಷಯ. ಜಪಾನಿನ ಪ್ಲಸ್ ಸ್ಕ್ರೂ ನೋಡಲಿಕ್ಕೆ ನಮ್ಮ ಫಿಲಿಪ್ಸ್ ಸ್ಕ್ರೂವಿನ ಹಾಗೇ, ಆದರೆ ಒಳಗಿನ ಆಕಾರ ಸ್ವಲ್ಪ ಬೇರೆ. ಅಲ್ಲಿನ ಗುಣಮಟ್ಟಕ್ಕೆ ಜೆಐಎಸ್ ಅಂತ ಹೆಸರು. ನಮ್ಮ ಡ್ರೈವರ್ ಹಾಕಿ ಒತ್ತಿ ತಿರುಗಿಸಿದರೆ ಜಾರಿ ಮೇಲೆ ಬರ್ತದೆ, ತಲೆ ಬೋಳಾಗ್ತದೆ. ಜಪಾನಿ ಬೈಕಿನ ಕಾರ್ಬ್ಯುರೇಟರ್ ಬಿಚ್ಚುವಾಗ ಸ್ಕ್ರೂ ತಲೆ ಹೋಗುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಕೆಲವು ಸ್ಕ್ರೂಗಳ ತಲೆಯಲ್ಲಿ ಒಂದು ಸಣ್ಣ ಚುಕ್ಕೆ ಇರ್ತದೆ, ಅದು ಜೆಐಎಸ್ ಗುರುತು. ಎರಡನೇ ನಂಬ್ರದ ಒಂದು ಜೆಐಎಸ್ ಡ್ರೈವರ್ ತರಿಸಿಕೊಂಡೆ. ಮೂವತ್ತೆಂಟು ವರ್ಷ ಹಳೆಯ ಸ್ಕ್ರೂಗಳು ಒಂದೂ ಹಾಳಾಗದೆ ಬಂದವು.

ಪ್ಲಾಸ್ಟಿಕ್ಕಿಗೆ ನೇರ ಕೂರುವ ಸ್ಕ್ರೂ ಹಾಕುವಾಗ ಒಂದು ಉಪಾಯ ಉಂಟು. ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲ ತಿರುಗಿಸಿ. ಒಂದು ಕಡೆ 'ಟಕ್' ಅಂತ ಕೆಳಗೆ ಇಳೀತದೆ. ಅದು ಹಳೆ ಎಳೆ. ಅಲ್ಲಿಂದ ಬಿಗಿ ಮಾಡಿ. ಇಲ್ಲದಿದ್ದರೆ ಸ್ಕ್ರೂ ಹೊಸ ಎಳೆ ಕೊರೆದುಕೊಂಡು ಹೋಗ್ತದೆ, ನಾಲ್ಕು ಸಲ ಬಿಚ್ಚಿದರೆ ತೂತೇ ಸಡಿಲ. ಬ್ಯಾಟರಿ ಸ್ಪ್ರೇಯರಿನ ಕವರಿಗೂ ಇದೇ ಕ್ರಮ.

ಮೂರನೆಯದು ತೊಳೆಯುವುದು. ಪೆಟ್ರೋಲು, ತಿನ್ನರು ಹಳೆ ಪ್ಲಾಸ್ಟಿಕ್ಕಿಗೆ ಮುಟ್ಟಿಸಲೇಬಾರದು, ಮೆತ್ತಗಾಗಿ ಒಡೀತದೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನು, ಹಳೆ ಹಲ್ಲುಜ್ಜುವ ಬ್ರಶ್ಶು, ಇಷ್ಟೇ. ಗೇರ್‌ಬಾಕ್ಸಿನ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿತ್ತು. ಕಡ್ಡಿಯಿಂದ ತೆಗೆದು ಹೊಸ ಗ್ರೀಸು ತೆಳ್ಳಗೆ ಹಚ್ಚಿದೆ. ಗೇರಿನ ಹಲ್ಲು ಒಂದೂ ಹೋಗಿರಲಿಲ್ಲ. ಚಕ್ರ ತಿರುಗುವಲ್ಲಿದ್ದ ಬುಶ್ ಸವೆದಿತ್ತು, ಅಲ್ಲಿಗೆ ಬೇರಿಂಗ್ ಹಾಕಿದೆ. ಒಳಗೆ 5, ಹೊರಗೆ 11, ದಪ್ಪ 4 ಮಿಲಿಮೀಟರ್. ಹಳೆ ಬುಶ್ ಡಬ್ಬದಲ್ಲಿ ಉಂಟು.

ನಾಲ್ಕನೆಯದು ವೇಗ ನಿಯಂತ್ರಣ. ನನಗೆ ಬಹಳ ಖುಷಿ ಕೊಟ್ಟ ಭಾಗ ಇದು. ಈಗಿನ ಕಾರಿನಲ್ಲಿ ಈ ಕೆಲಸಕ್ಕೆ ಚಿಪ್ ಇರ್ತದೆ. ಇದರಲ್ಲಿ ಒಂದು ಸಣ್ಣ ಸರ್ವೋ ಮೋಟಾರು ತಾಮ್ರದ ಕೈಯೊಂದನ್ನು ಅತ್ತ ಇತ್ತ ಎಳೀತದೆ. ಮುಂದಕ್ಕೆ ಮೂರು ಹಂತ. ನಿಧಾನದ ಹಂತಗಳಲ್ಲಿ ಕರೆಂಟು ಪಿಂಗಾಣಿಯ ರೆಸಿಸ್ಟರಿನ ಮೂಲಕ ಹೋಗಿ ಸ್ವಲ್ಪ ಭಾಗ ಬಿಸಿಯಾಗಿ ವ್ಯರ್ಥ ಆಗ್ತದೆ. ನಮ್ಮ ಮನೆಗಳಲ್ಲಿ ಗೋಡೆಗಿದ್ದ ದೊಡ್ಡ ಫ್ಯಾನ್ ರೆಗ್ಯುಲೇಟರ್ ಮುಟ್ಟಿದರೆ ಬಿಸಿ ಇರ್ತಿತ್ತಲ್ಲ, ಅದೇ ವಿದ್ಯೆ. ಕಣ್ಣಿಗೆ ಕಾಣುವ ಕೆಲಸ, ಹಾಗಾಗಿ ಕೈಯಲ್ಲಿ ಸರಿ ಮಾಡಲಿಕ್ಕೂ ಆಗ್ತದೆ. ನಯವಾದ ಎಮರಿ ಕಾಗದದಲ್ಲಿ ತಾಮ್ರ ಉಜ್ಜಿ ಹೊಳಪು ಬರಿಸಿದೆ, ಅಷ್ಟಕ್ಕೇ ಜೀವ ಬಂತು. ಸ್ಟೀರಿಂಗಿನ ಸರ್ವೋ ಮಾತ್ರ ನಡುಗುತ್ತಿತ್ತು. ಹಳೆ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅಂತದಲ್ಲ, ಅದರೊಳಗೂ ಅಂಥದ್ದೇ ಒಂದು ಭಾಗ ಇರುವುದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಸರಿಯಾಯಿತು.

ರಿಮೋಟು ಮಾತ್ರ ಉಳಿಯಲಿಲ್ಲ. ಅದು 27 ಮೆಗಾಹರ್ಟ್ಸಿನದ್ದು, ಕಳಿಸುವ ಕಡೆಗೂ ತಕ್ಕೊಳ್ಳುವ ಕಡೆಗೂ ಜೋಡಿ ಕ್ರಿಸ್ಟಲ್ ಬೇಕು. ಅದರ ಬದಲಿಗೆ ಈಗಿನ 2.4 ಗಿಗಾಹರ್ಟ್ಸಿನದ್ದು ಹಾಕಿದೆ. ಬ್ಯಾಟರಿಗೆ ಲಿಥಿಯಂ ಬೇಡ ಅಂತ ತೀರ್ಮಾನ ಮಾಡಿದೆ. ಲಿಥಿಯಂ ಸೆಲ್ಲನ್ನು ಸುಮಾರು 3 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಹಾಳಾಗ್ತದೆ, ಆಮೇಲೆ ಚಾರ್ಜಿಗೆ ಇಡುವಾಗ ಅಪಾಯ. ಈಗಿನ ಕಾರಿನ ಚಿಪ್ ಅದಕ್ಕೆ ಮೊದಲೇ ನಿಲ್ಲಿಸ್ತದೆ, ಈ ತಾಮ್ರದ ಕೈಗೆ ಅದೆಲ್ಲ ಗೊತ್ತಿಲ್ಲ. ಹಾಗಾಗಿ ನಿಕಲ್ ಮೆಟಲ್ ಹೈಡ್ರೈಡ್. 1.2 ವೋಲ್ಟಿನ ಆರು ಸೆಲ್, ಒಟ್ಟು 7.2.

ಟಯರು ಹೊಸತೇ ಬೇಕಾಯಿತು. ಆಶ್ಚರ್ಯ ಆದದ್ದು ಅಲ್ಲಿ. ತಮಿಯಾದವರು 2005ರಲ್ಲಿ ಇದೇ ಗ್ರಾಸ್‌ಹಾಪರನ್ನು ಪುನಃ ಮಾರುಕಟ್ಟೆಗೆ ಬಿಟ್ಟಿದ್ದಾರೆ. ಹಾಗಾಗಿ ಹಳೆ ಕಾರಿಗೆ ಕೂರುವ ಎಷ್ಟೋ ಭಾಗಗಳು ಹೊಸದಾಗಿ ಸಿಗ್ತವೆ. ನನ್ನ ಟಯರು ಹಾಗೇ ಬಂದದ್ದು. ಒಂದು ಆಟದ ಕಾರಿಗೆ ಇಷ್ಟು ವರ್ಷದ ಮೇಲೂ ಟಯರು ಸಿಗ್ತದೆ. ನಾನು ಆರು ವರ್ಷದ ಹಿಂದೆ ತಕ್ಕೊಂಡ ಕಳೆ ಕತ್ತರಿಸುವ ಮೆಷಿನ್ನಿನ ಒಂದು ಪ್ಲಾಸ್ಟಿಕ್ ಕ್ಲಿಪ್ ಕೇಳಿದರೆ "ಆ ಮಾಡೆಲ್ ನಿಂತಿದೆ ಸಾರ್, ಹೊಸತು ತಕ್ಕೊಳ್ಳಿ" ಅಂತಾರೆ!

ಈಗ ಮೆಷಿನ್ ತಕ್ಕೊಳ್ಳುವ ಮೊದಲು ನಾನು ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳ್ತೇನೆ. ಇದನ್ನು ಸ್ಕ್ರೂನಲ್ಲಿ ಜೋಡಿಸಿದ್ದಾ, ಗಮ್ಮಿನಲ್ಲಿ ಅಂಟಿಸಿದ್ದಾ? ಬಿಚ್ಚಿ ಜೋಡಿಸುವ ಪುಸ್ತಕ, ಪ್ರತಿ ಭಾಗದ ನಂಬ್ರ ಸಮೇತ, ಕೊಡ್ತೀರಾ? ಹಿಂದಿನ ಮಾಡೆಲಿನ ಬಿಡಿ ಭಾಗ ಈಗ ನಿಮ್ಮ ಕಪಾಟಿನಲ್ಲಿ ಉಂಟಾ, ತೋರಿಸ್ತೀರಾ? ಮೂರನೇ ಪ್ರಶ್ನೆಗೆ ಅವರ ಮುಖ ನೋಡಿದರೆ ಉತ್ತರ ಗೊತ್ತಾಗ್ತದೆ.

ಒಟ್ಟು ಆರು ವಾರ ಹಿಡಿಯಿತು, ಸಂಜೆ ಹೊತ್ತು ಮಾತ್ರ. ಹೆಚ್ಚಿನ ದಿನ ಮಾವ ಬಂದು ಕೂರ್ತಿದ್ದರು. ಕೈ ನಡುಗುವ ಕಾರಣ ಡ್ರೈವರ್ ಹಿಡಿಯುತ್ತಿರಲಿಲ್ಲ. ಮಗ ಸ್ಕ್ರೂ ಹೆಕ್ಕಿ ಕೊಡುತ್ತಿದ್ದ, ಮಾವ ಪುಸ್ತಕದ ಚಿತ್ರ ನೋಡಿ ಯಾವುದು ಎಲ್ಲಿಗೆ ಅಂತ ಹೇಳುತ್ತಿದ್ದರು.

ನಿಮಗೆಲ್ಲ ಗೊತ್ತುಂಟು, 1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತಿಗೆ ನುಗ್ಗಿತು. ಅಲ್ಲಿಂದ ತಪ್ಪಿಸಿಕೊಂಡು ಬಂದ ಭಾರತದವರು 1.7 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ಜೋರ್ಡಾನಿನ ಅಮ್ಮಾನಿನಿಂದ ವಿಮಾನ ಹತ್ತಿದವರು. ಅವರಲ್ಲಿ ನಮ್ಮ ಮಾವನೂ ಒಬ್ಬರು. ಒಂದು ಕೈಚೀಲ ಹಿಡಿದು ಮನೆಗೆ ಬಂದದ್ದು ನನಗೆ ನೆನಪುಂಟು. ದುಡಿದ ಹಣ, ಸಾಮಾನು ಎಲ್ಲ ಅಲ್ಲೇ ಹೋಯಿತು. ಆಮೇಲೆ ಅವರು ಆ ವಿಷಯ ಮನೆಯಲ್ಲಿ ಎತ್ತಿದ್ದೇ ಇಲ್ಲ, ನಾವೂ ಕೇಳಲಿಲ್ಲ. ಈ ಸಲ ಗೇರ್‌ಬಾಕ್ಸ್ ಮುಚ್ಚುವಾಗ, ಯಾರೂ ಕೇಳದೆ, ಮಗನ ಹತ್ತಿರ ಹೇಳಲಿಕ್ಕೆ ಶುರು ಮಾಡಿದರು. ಇರಾಕಿನ ಮೂಲಕ ಬಸ್ಸಿನಲ್ಲಿ ಬಂದದ್ದು, ಮರುಭೂಮಿಯ ಡೇರೆಯಲ್ಲಿ ನೀರಿಗೆ ಸಾಲು ನಿಂತದ್ದು, ಜತೆಗಿದ್ದ ಮಲಯಾಳಿ ಹುಡುಗನೊಬ್ಬನಿಗೆ ತನ್ನ ಚಪ್ಪಲಿ ಕೊಟ್ಟದ್ದು. ಅರ್ಧ ಗಂಟೆ ಹೇಳಿರಬಹುದು. ಅತ್ತೆ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತವರು ಅಲ್ಲೇ ನಿಂತು ಕೇಳಿದರು. ಅವರೂ ಕೇಳಿದ್ದು ಅದೇ ಮೊದಲಂತೆ.

ಬಾಡಿ ಹಳದಿಯಾಗಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳಿಯಾಗ್ತದೆ ಅಂತ ಮಗ ಇನ್ನೂ ಹೇಳ್ತಾನೆ. ಹೌದು, ಆಗ್ತದೆ. ಆದರೆ ಮಾಡುವುದಿಲ್ಲ. ಎಡಬದಿಗೆ ಓರೆಯಾಗಿ ಅಂಟಿಸಿದ ಸ್ಟಿಕ್ಕರೂ ಹಾಗೇ ಉಂಟು.

ಕಾರು ಈಗ ಮಾವನ ಮನೆಯಲ್ಲೇ ಉಂಟು. ಬ್ಯಾಟರಿ ಚಾರ್ಜ್ ಮಾಡುವ ಕೆಲಸ ಮಗನಿಗೆ. ಆ ನೆಪದಲ್ಲಿ ವಾರಕ್ಕೆರಡು ಸಲ ಅಲ್ಲಿಗೆ ಹೋಗ್ತಾನೆ.

ನಿಮ್ಮಲ್ಲಿ ಯಾರ ಅಟ್ಟದಲ್ಲಾದರೂ ಗಲ್ಫಿನಿಂದ ಬಂದ ಟೇಪ್ ರೆಕಾರ್ಡರೋ, ಟಾರ್ಚೋ, ಇಂಥ ಕಾರೋ ಇದ್ದರೆ ಇವತ್ತೇ ಹತ್ತಿ ಅದರ ಸೆಲ್ ತೆಗೆಯಿರಿ, ಮಳೆಗಾಲದವರೆಗೆ ಕಾಯಬೇಡಿ. ಜೆಐಎಸ್ ಡ್ರೈವರ್ ನನ್ನಲ್ಲಿ ಉಂಟು, ಬೇಕಾದವರು ಬಂದು ತಕ್ಕೊಂಡು ಹೋಗಿ, ಕೆಲಸ ಆದ ಮೇಲೆ ವಾಪಾಸು ಕೊಟ್ಟರೆ ಸಾಕು. ತಂದವರು ಮನೆಯಲ್ಲಿ ಇದ್ದರೆ ಬಿಚ್ಚುವಾಗ ಅವರನ್ನೂ ಹತ್ತಿರ ಕೂರಿಸಿಕೊಳ್ಳಿ.