ಪಂದ್ಯದ ಹಿಂದಿನ ರಾತ್ರಿ

ನಮ್ಮ ಮನೆಯಲ್ಲಿ ಜ್ಯೋತಿಷ್ಯವನ್ನು ಯಾರೂ ನಂಬುವುದಿಲ್ಲ. ಆದರೂ ವರ್ಷಕ್ಕೊಂದು ರಾತ್ರಿ ನಾನು ಭವಿಷ್ಯ ಬರೆಯಲು ಕೂರುತ್ತೇನೆ. ಪ್ರೊ ಕಬಡ್ಡಿ ಪಂದ್ಯಾವಳಿ ಶುರುವಾಗುವ ಮುನ್ನಾದಿನ ಊಟ ಮುಗಿದು, ನಮ್ಮಾಕೆ ಪಾತ್ರೆ ಎತ್ತಿಟ್ಟ ಮೇಲೆ, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಅದರ ಬೆನ್ನ ಮೇಲೆ ಬೆಂಗಳೂರು ಬುಲ್ಸ್ ಆಡುವ ಮೊದಲ ಪಂದ್ಯದ ಮುನ್ನೋಟವನ್ನು ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆಯುತ್ತೇನೆ. ಯಾವ ಪತ್ರಿಕೆಯೂ ಇದನ್ನು ನನ್ನಿಂದ ಕೇಳಿಲ್ಲ. ಇದಕ್ಕೆ ಇರುವ ಓದುಗ ಒಬ್ಬನೇ, ನನ್ನ ಮಗ.

ಈ ಅಭ್ಯಾಸ ಹುಟ್ಟಿದ್ದು 2018ರಲ್ಲಿ. ಆಗ ಅವನು ಮೂರನೆಯ ತರಗತಿಯಲ್ಲಿದ್ದ. ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತವರಿಗೆಲ್ಲ ಇಂದಾಪುರ ಗೊತ್ತು. ಚಹಾಕ್ಕೆ ಇಳಿದು ಮತ್ತೆ ಹತ್ತುವ ಊರು. ಸುತ್ತಲೂ ಕಬ್ಬು, ಬದಿಗೆ ಉಜನಿ ಅಣೆಕಟ್ಟಿನ ಹಿನ್ನೀರು, ಆಷಾಢದಲ್ಲಿ ತುಕಾರಾಮರ ಪಾಲಖಿ. ಇವೆಲ್ಲ ಇಲ್ಲಿ ಉಂಟು. ಕನ್ನಡ ಶಾಲೆ ಒಂದು ಇಲ್ಲ. ಮಗ ಮರಾಠಿ ಶಾಲೆಗೆ ಹೋಗುತ್ತಿದ್ದ. ಮನೆಯಲ್ಲಿ ಕನ್ನಡ ಆಡುತ್ತಿದ್ದ, ಆದರೆ ವರ್ಣಮಾಲೆಯ ಪುಸ್ತಕ ತೆರೆದೊಡನೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಕಬಡ್ಡಿ ಎಂದರೆ ಮಾತ್ರ ಯಾವ ನೋವೂ ಇಲ್ಲ. ಸರಿ, ರೋಗಕ್ಕೆ ತಕ್ಕ ಮದ್ದು ಎಂದುಕೊಂಡು, ನಾಳೆ ಯಾರು ಗೆಲ್ಲುತ್ತಾರೆ, ಏಕೆ ಗೆಲ್ಲುತ್ತಾರೆ ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ತಿಳಿಯಬೇಕಾದರೆ ಓದಬೇಕು. ನಿಮಿಷಕ್ಕೊಂದು ಪದದಂತೆ ಓದಿದ. ಆ ವರ್ಷವೇ ನಮ್ಮ ಅದೃಷ್ಟವೂ ಕೂಡಿಬಂತು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು, ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ನಾವು ತಂದೆ ಮಗ ಮಂಚದ ಮೇಲೆ ಹಾರಿದ ರಭಸಕ್ಕೆ ಮಂಚದ ಹಲಗೆ ಸೀಳಿತು. ಆ ಹಲಗೆಗೆ ಹೊಡೆದ ಪಟ್ಟಿ ಇಂದಿಗೂ ಇದೆ.

ಅಲ್ಲಿಂದ ಮುಂದೆ, ಪಂದ್ಯಾವಳಿಯೇ ನಡೆಯದ 2020ನ್ನು ಬಿಟ್ಟು, ಪ್ರತಿವರ್ಷವೂ ಮುನ್ನೋಟ ಬರೆದಿದ್ದೇನೆ. ಮಗ ಬೆಳೆದ. ಶಾಲೆಯ ತಂಡದಲ್ಲಿ ಕಾರ್ನರ್ ಜಾಗಕ್ಕೆ ನಿಂತ. ಸಂಜೆಯಾದರೆ ಮಣ್ಣಿನ ಅಂಗಳ, ಮೊಣಕೈ ತುಂಬ ಗಾಯ, ಜೊತೆಗೆ ಒಂದು ದಂಡು ಹುಡುಗರು. ಈ ಸೀಮೆಯ ಮುದುಕರು ಇವತ್ತಿಗೂ ಆಟವನ್ನು ಹುತುತು ಎಂದೇ ಕರೆಯುತ್ತಾರೆ. ಅಂಥಲ್ಲಿ ಆಡುವ ಹುಡುಗ ಪುಣೇರಿ ಪಲ್ಟನ್ ತಂಡದ ಕಡೆಗೆ ವಾಲಿದರೆ ತಪ್ಪೇನು? 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪಲ್ಟನ್ ತಂಡ ಹರಿಯಾಣ ಸ್ಟೀಲರ್ಸನ್ನು 28-25ರಿಂದ ಸೋಲಿಸಿ ಮೊದಲ ಬಾರಿಗೆ ಕಪ್ಪು ಗೆದ್ದಾಗ ಓಣಿಯಲ್ಲಿ ಪಟಾಕಿ ಹಚ್ಚಿದವರಲ್ಲಿ ನಮ್ಮವನೇ ಮುಂದು. ನಾನೂ ಪೇಢೆ ತಿಂದೆ.

2025ರ ಆಗಸ್ಟ್ 28ರ ಗುರುವಾರ ರಾತ್ರಿಗೆ ಬರೋಣ. ಮರುದಿನ ವಿಶಾಖಪಟ್ಟಣದಲ್ಲಿ ಹನ್ನೆರಡನೆಯ ಸೀಸನ್ ಆರಂಭ. ಮೊದಲ ದಿನದ ಎರಡನೆಯ ಪಂದ್ಯ ಯಾವುದೆಂದರೆ, ಬೆಂಗಳೂರು ಬುಲ್ಸಿಗೂ ಪುಣೇರಿ ಪಲ್ಟನ್ನಿಗೂ! ವೇಳಾಪಟ್ಟಿ ಮಾಡಿದವರು ನಮ್ಮ ಮನೆಯನ್ನು ಕಂಡೇ ಮಾಡಿದಂತಿತ್ತು. ಮನೆಯಲ್ಲಿ ಗಣಪತಿ ಕೂತಿದ್ದ. ನಮ್ಮ ಗೌರಿ ಗಣಪನಿಗಿಂತ ಒಂದು ದಿನ ಮುಂಚೆ ಬಂದಿದ್ದಳು. ಪಕ್ಕದ ಮನೆಯ ಗೌರಿ 31ಕ್ಕೆ ಬರುವವಳಿದ್ದಳು. ಎರಡೂ ಗೌರಿಯರ ನೈವೇದ್ಯ ಉಣ್ಣುವ ಭಾಗ್ಯ ನನ್ನ ಮಗನದು. ನಾನು ಹಾಳೆ ಹಿಡಿದು ಕೂತೆ. ಅವನು ಮೊಬೈಲಿನಿಂದ ತಲೆ ಎತ್ತದೆ ಹೇಳಿದ:

"ಈ ಸಲ ಬೇಡ ಅಪ್ಪ. ನಿಮ್ಮ ಟೀಮಿನ ವಿಷ್ಯ ನೀನೇ ಬರ್ಕೊಂಡು ನೀನೇ ಓದ್ಕೋ. ಆಮ್‌ಚೀ ಟೀಮ್ ಜಿಂಕಣಾರ್."

ನಮ್ಮ ಮಂಡ್ಯದ ಕಡೆ ಮಕ್ಕಳು ಅಪ್ಪನನ್ನು 'ನೀನು' ಎಂದೇ ಕರೆಯುವುದು. ಇವನೂ ಹಾಗೆಯೇ. ಆದ್ದರಿಂದ 'ನಿಮ್ಮ' ಎಂದದ್ದು ಮರ್ಯಾದೆಗಲ್ಲ. ನಿಮ್ಮ ಎಂದರೆ ನಿಮ್ಮಂಥವರ, ನೀವೆಲ್ಲರ. ಅದರ ಬೆನ್ನಿಗೇ 'ಆಮ್‌ಚೀ'. ಮರಾಠಿ ಬಲ್ಲ ಓದುಗರಿಗೆ ಇದರ ಪೆಟ್ಟು ತಿಳಿಯುತ್ತದೆ. ನಮ್ಮ ಕನ್ನಡದಲ್ಲಿ 'ನಮ್ಮ' ಎಂಬ ಒಂದೇ ಮಾತಿನಲ್ಲಿ ಎದುರಿಗಿರುವವನು ಸೇರಿದ್ದಾನೋ ಇಲ್ಲವೋ ಎಂಬುದು ಗೊತ್ತಾಗುವುದಿಲ್ಲ. ಮರಾಠಿಯಲ್ಲಿ ಹಾಗಲ್ಲ. 'ಆಪ್‌ಲೀ' ಎಂದರೆ ನಿನ್ನನ್ನೂ ಸೇರಿಸಿಕೊಂಡ ನಮ್ಮದು. 'ಆಮ್‌ಚೀ' ಎಂದರೆ ನಿನ್ನನ್ನು ಹೊರಗಿಟ್ಟ ನಮ್ಮದು. ಹದಿನೈದು ವರ್ಷದ ಹುಡುಗ ನಡುಮನೆಯಲ್ಲಿ ಒಂದು ಗೆರೆ ಎಳೆದು, ಅಪ್ಪನನ್ನು ಆಚೆಗೆ ನಿಲ್ಲಿಸಿದ್ದ.

ನಾನು ಮಾತಾಡಲಿಲ್ಲ. ಅಡುಗೆಮನೆಗೆ ಹೋದಾಗ ನಮ್ಮಾಕೆ ಮೆಲ್ಲಗೆ ಹೇಳಿದಳು: "ಮೊನ್ನೆ ನಾವು ಟ್ರಾನ್ಸ್‌ಫರ್ ಮಾತಾಡ್ತಿದ್ದಾಗ ಮಲಗಿರ್ಲಿಲ್ಲ ಕಣ್ರೀ ಅವನು."

ಈಗ ಅರ್ಥವಾಯಿತು. ಕೇಂದ್ರ ಸರ್ಕಾರದ ಗುಮಾಸ್ತನಿಗೆ ಸ್ವಂತ ರಾಜ್ಯಕ್ಕೆ ವರ್ಗವೆಂಬುದು ಮುಂಗಾರಿನ ಮೋಡದ ಹಾಗೆ, ದೂರದಲ್ಲಿ ಕಾಣುತ್ತಲೇ ಇರುತ್ತದೆ. ಮಂಡ್ಯದ ಕಡೆಯಿಂದ ಇತ್ತ ಬರಲೊಪ್ಪುವವರು ಒಬ್ಬರು ಸಿಕ್ಕರೆ ಪರಸ್ಪರ ವರ್ಗಾವಣೆ ಆಗಬಹುದು. ಅಂಥವರೊಬ್ಬರು ಸಿಕ್ಕಿದ್ದರು. ಅರ್ಜಿ ತುಂಬಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಹತ್ತನೆಯ ತರಗತಿ ಮುಗಿಯುತ್ತಲೇ ಹುಡುಗನನ್ನು ಊರಿಗೆ ಕರೆದೊಯ್ಯುವುದು ನಮ್ಮ ಲೆಕ್ಕ. ನಮಗೆ ಅದು ಊರಿಗೆ ಮರಳುವುದು. ಅವನಿಗೆ ಊರು ಬಿಡುವುದು. ಈ ವ್ಯತ್ಯಾಸ ನನಗೆ ಹೊಳೆದೇ ಇರಲಿಲ್ಲ.

ಆದರೂ ಬರೆದೆ. ಹಟಕ್ಕೆ ಬಿದ್ದು ಬರೆದೆ. ಆ ಮುನ್ನೋಟದ ಸಾರಾಂಶವನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದಾಗಿ ನಿಯಮ. ಈ ಸೀಸನ್ನಿನಿಂದ ಪ್ರತಿ ತಂಡಕ್ಕೂ ಲೀಗಿನಲ್ಲಿ 18 ಪಂದ್ಯ. ಗೆದ್ದರೆ 2 ಅಂಕ, ಸೋತರೆ ಸೊನ್ನೆ. ಹಿಂದೆ ಸಮಬಲವಾದರೆ ಇಬ್ಬರೂ ಅಂಕ ಹಂಚಿಕೊಂಡು ಮನೆಗೆ ಹೋಗುತ್ತಿದ್ದರು. ಇನ್ನು ಮುಂದೆ ಅದಿಲ್ಲ. ಸಮಬಲವಾದರೆ ಐದೈದು ರೈಡಿನ ಟೈಬ್ರೇಕರ್ ನಡೆಸಿ, ಒಬ್ಬರು ಗೆಲ್ಲಲೇಬೇಕು.

ಎರಡನೆಯದು ಬುಲ್ಸ್. ಹಿಂದಿನ 2024ರ ಸೀಸನ್ನಿನಲ್ಲಿ 22 ಪಂದ್ಯವಾಡಿ ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಮೊದಲ ಸೀಸನ್ನಿನಿಂದ ಜೊತೆಗಿದ್ದ ತರಬೇತುದಾರ ರಣಧೀರ್ ಸಿಂಗ್ ಸೆಹ್ರಾವತ್ ಹೊರಟಿದ್ದಾರೆ; ಅವರ ಜಾಗಕ್ಕೆ ನಮ್ಮ ಬಿ.ಸಿ. ರಮೇಶ್ ಬಂದಿದ್ದಾರೆ. ನಾಯಕ ಅಂಕುಶ್ ರಾಠೀ. ದಾಳಿಗೆ ಆಕಾಶ್ ಶಿಂದೆ.

ಮೂರನೆಯದು ಪಲ್ಟನ್. 2024ರಲ್ಲಿ ಅವರೂ ಪ್ಲೇಆಫ್ ಮುಟ್ಟಲಿಲ್ಲ. ಆದರೆ ಅದಕ್ಕೆ ನಾಯಕ ಅಸ್ಲಂ ಇನಾಮದಾರ್ ಗಾಯಗೊಂಡು ಹೊರಗುಳಿದದ್ದೂ ಕಾರಣ. ಅಸ್ಲಂ ಮರಳಿದ್ದಾನೆ. ಪಂಕಜ್ ಮೋಹಿತೆ, ಗೌರವ್ ಖತ್ರಿ, ಅಬಿನೇಶ್ ನಡರಾಜನ್ ಎಲ್ಲರೂ ಹಳಬರೇ. ತರಬೇತುದಾರ ಅಜಯ್ ಠಾಕೂರ್; 2016ರ ವಿಶ್ವಕಪ್ ಫೈನಲಿನಲ್ಲಿ ಇರಾನನ್ನು ಮಣಿಸಿದ ಭಾರತ ತಂಡದ ಮುಂಚೂಣಿಯ ರೈಡರ್.

ಸೀಸನ್ನಿನ ಮೊದಲ ವಾರದಲ್ಲಿ ರೈಡರನ ಕಾಲಿಗಿಂತ ರಕ್ಷಣೆಯ ಹೊಂದಾಣಿಕೆ ಮುಖ್ಯ. ರೈಡರ್ ಒಂಟಿಯಾಗಿ ಅಭ್ಯಾಸ ಮಾಡಬಲ್ಲ. ಆದರೆ ಕಾರ್ನರಿನವನು ಕಣಕಾಲಿಗೆ ಬಿದ್ದ ಕ್ಷಣಕ್ಕೇ ಕವರಿನವನು ಸೊಂಟಕ್ಕೆ ಬೀಳಬೇಕು; ಅರ್ಧ ಸೆಕೆಂಡು ತಡವಾದರೆ ರೈಡರ್ ಇಬ್ಬರನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ. ಬಿ.ಎಸ್‌ಸಿ.ಯಲ್ಲಿ ಓದಿದ ಗುರುತ್ವಕೇಂದ್ರದ ಪಾಠವೂ ಇದನ್ನೇ ಹೇಳುತ್ತದೆ: ತಗ್ಗಿ ಹಿಡಿದವನನ್ನು ಕದಲಿಸುವುದು ಕಷ್ಟ, ಆದರೆ ಹಿಡಿತ ಒಟ್ಟಿಗೆ ಬೀಳಬೇಕು. ಆ ಒಟ್ಟು ವರ್ಷಗಟ್ಟಲೆ ಜೊತೆಗೆ ಆಡಿದವರಿಗೆ ಬರುತ್ತದೆ. ಹೀಗಾಗಿ, ಮನಸ್ಸು ಏನೇ ಹೇಳಲಿ, ಪಲ್ಟನ್ ಐದು ಅಂಕಗಳಿಂದ ಗೆಲ್ಲಬೇಕು.

ಇಷ್ಟು ಬರೆದ ಮೇಲೆ ಗುಮಾಸ್ತನ ಬುದ್ಧಿ ಸುಮ್ಮನಿರಲಿಲ್ಲ. ಕಡತ ತಿರುವಿದಂತೆ ಪೂರ್ವೇತಿಹಾಸ ತಿರುವಿದೆ. ಬೆಂಗಳೂರಿನ ತರಬೇತುದಾರರಾದ ರಮೇಶ್ ಯಾರು? ಕನ್ನಡನಾಡಿನ ಅರ್ಜುನ ಪ್ರಶಸ್ತಿ ವಿಜೇತರು. ಆದರೆ 2024ರಲ್ಲಿ ಪುಣೆಗೆ ಆ ಕಪ್ಪನ್ನು ಗೆಲ್ಲಿಸಿಕೊಟ್ಟ ತರಬೇತುದಾರರೂ ಅವರೇ. ಪುಣೆಯ ತರಬೇತುದಾರನಾದ ಅಜಯ್ ಠಾಕೂರ್ ಯಾರು? ಹಿಮಾಚಲದವನು, 2014ರಲ್ಲಿ ಈ ಪಂದ್ಯಾವಳಿ ಆರಂಭವಾದಾಗ ಬೆಂಗಳೂರು ಬುಲ್ಸ್ ಅಂಗಿ ತೊಟ್ಟವನು, ಆಮೇಲೆ ಪುಣೆಯ ಅಂಗಿ ತೊಟ್ಟವನು. ಬೆಂಗಳೂರಿಗೆ ರೈಡ್ ಮಾಡುವ ಆಕಾಶ್ ಶಿಂದೆ ಮರಾಠಿ ಹುಡುಗ, ನಿನ್ನೆಮೊನ್ನೆಯವರೆಗೆ ಪಲ್ಟನ್ನಿನವನು. ಇನ್ನು ಪಂದ್ಯ ನಡೆಯುವುದು ಆಂಧ್ರದಲ್ಲಿ; ಆ ಸೀಸನ್ನಿನಲ್ಲಿ ಬೆಂಗಳೂರಿಗೂ ಪುಣೆಗೂ ತವರಿನ ಅಂಗಳವೇ ಇರಲಿಲ್ಲ. ಎಲ್ಲರೂ ಹೊಟ್ಟೆಪಾಡಿಗೆ ಗೆರೆ ದಾಟಿದವರೇ! "ಆದ್ದರಿಂದ ಯಾರು ಗೆದ್ದರೂ ನಮ್ಮ ಮನೆಗೆ ಸಂತೋಷವೇ" ಎಂದು ಮುಗಿಸಿ, ಹಾಳೆಯನ್ನು ಗೋಡೆಗೆ ಅಂಟಿಸದೆ ಮೇಜಿನ ಮೇಲೆ ಬಿಟ್ಟು ಮಲಗಿದೆ.

ಶುಕ್ರವಾರ ಸಂಜೆ ಕಚೇರಿಯಿಂದ ಬಂದಾಗ ಹಾಳೆ ಅಲ್ಲೇ ಇತ್ತು. ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ. ಪಕ್ಕದಲ್ಲಿ ಹೀಗೆ ಬರೆದಿತ್ತು: "ಇದು ಸುಳ್ಳು. ಏರಡೂ ಟೀಮು ಗೇಲ್ಲೋದಿಲ್ಲ. ಟಾಯ್ ಕೂಡ ಇಲ್ಲ ಅಂತ ನೀನೇ ಬರೇದಿದೀಯ. ಓಂದು ಹೇಳು."

ಮರಾಠಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲ. ಹೀಗಾಗಿ ಅವನ ಕೈಯಲ್ಲಿ ಎಲ್ಲವೂ ದೀರ್ಘ. ಕಾಗುಣಿತ ತಪ್ಪಿರಬಹುದು, ತರ್ಕ ತಪ್ಪಿರಲಿಲ್ಲ. ನನ್ನ ನಯವಾದ ಮಂಗಳವಾಕ್ಯವನ್ನು ಮೇಲಧಿಕಾರಿ ಕಡತವನ್ನು ಹಿಂದಿರುಗಿಸುವಂತೆ ಹಿಂದಿರುಗಿಸಿದ್ದ.

ರಾತ್ರಿ ಪಂದ್ಯ. ಹೊರಗೆ ಗಣೇಶ ಮಂಡಳದ ಧ್ವನಿವರ್ಧಕ. ಒಳಗೆ ವಿವರಣೆ ಹಿಂದಿಯಲ್ಲಿ ಇರಬೇಕೋ ಕನ್ನಡದಲ್ಲೋ ಎಂಬ ಜಗಳ ಈ ಸಲ ಏಳಲಿಲ್ಲ. ಮಗ ತಾನಾಗಿಯೇ ಕನ್ನಡ ಹಾಕಿದ. ಅವನ ಇಬ್ಬರು ಗೆಳೆಯರೂ ಬಂದು ಕೂತರು. ನಾನು ಗಂಭೀರವಾಗಿ ನಿಷ್ಪಕ್ಷಪಾತಿಯಂತೆ ಕೂತೆ. ಐದು ಅಂಕಗಳ ನನ್ನ ಭವಿಷ್ಯ ಸುಳ್ಳಾಯಿತು. ನಲವತ್ತು ನಿಮಿಷ ಮುಗಿದಾಗ ಫಲಕದಲ್ಲಿ 32-32! ಲೀಗ್ ಹಂತದ ಪಂದ್ಯವೊಂದು ಟೈಬ್ರೇಕರಿಗೆ ಹೋದದ್ದು ಅದೇ ಮೊದಲು. ಹಿಂದಿನ ನಿಯಮವಿದ್ದಿದ್ದರೆ ನನ್ನ ಮಂಗಳವಾಕ್ಯವೂ ಉಳಿಯುತ್ತಿತ್ತು, ಮನೆಯ ಶಾಂತಿಯೂ ಉಳಿಯುತ್ತಿತ್ತು.

ಐದೈದು ರೈಡು. ಮೊದಲ ರೈಡಿಗೇ ನಾನು ಎದ್ದು ನಿಂತಿದ್ದೆ. ಏನು ಕೂಗಿದೆ ಎಂಬುದು ನನಗೆ ನೆನಪಿಲ್ಲ. ಪಕ್ಕದ ಮನೆಯ ಕಾಕಾ ಮರುದಿನ ಹೇಳಿದ ಪ್ರಕಾರ "ಹಿಡ್ಕಳ್ರೋ, ಕಾಲ್ ಹಿಡ್ಕಳ್ರೋ" ಎಂದು ಕನ್ನಡದಲ್ಲಿ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆನಂತೆ. ನಿಷ್ಪಕ್ಷಪಾತ ಎಲ್ಲಿ ಹೋಯಿತೋ! ಹದಿನೇಳು ವರ್ಷದಿಂದ ಇಲ್ಲಿಯ ನೀರು ಕುಡಿದಿದ್ದೇನೆ. ಆದರೆ ಉಸಿರು ಕಟ್ಟಿದಾಗ ಬಾಯಿಗೆ ಬಂದದ್ದು ಬೆಂಗಳೂರು. ಮಗನೂ ಅಷ್ಟೇ ಜೋರಾಗಿ ಪಲ್ಟನ್ನಿಗೆ ಕೂಗುತ್ತಿದ್ದ. ಪಲ್ಟನ್ 6-4ರಿಂದ ಗೆದ್ದಿತು.

ಗೆಳೆಯರು ಕುಣಿದರು. ಒಬ್ಬ ನನ್ನ ಕಡೆ ನೋಡಿ ನಗುತ್ತ, ನಿಮ್ಮ ರಮೇಶ್ ಸರ್ ಸೋತರಲ್ಲ ಕಾಕಾ ಎಂದು ಮರಾಠಿಯಲ್ಲಿ ಛೇಡಿಸಿದ. ನಾನು ಉತ್ತರ ಹುಡುಕುವ ಮೊದಲೇ ಮಗ ಅಂದ:

"ಗಪ್ ರೇ. ರಮೇಶ್ ಸರ್ ಆಪ್‌ಲಾಚ್ ಮಾಣೂಸ್ ಆಹೇ."

ಆಪ್‌ಲಾ. ಆಮ್‌ಚಾ ಅಲ್ಲ. ನಿನ್ನನ್ನೂ ನನ್ನನ್ನೂ ಕೂಡಿಸಿಕೊಂಡ ನಮ್ಮವನು. ಅವನು ಯೋಚಿಸಿ ಆಡಿದ ಮಾತೆಂದು ನಾನು ಹೇಳಲಾರೆ. ಕಪ್ಪು ತಂದುಕೊಟ್ಟ ಗುರುವಿನ ಮೇಲಿನ ಅಭಿಮಾನದಿಂದ ಆಡಿದ್ದಿರಬಹುದು. ಆದರೂ ಆ ರಾತ್ರಿ ಸೋತವನಿಗೆ ಬರುವಂಥ ನಿದ್ದೆ ನನಗೆ ಬರಲಿಲ್ಲ. ಚೆನ್ನಾಗಿಯೇ ನಿದ್ದೆ ಬಂತು.

ಆಮೇಲಿನ ಕತೆ ಎಲ್ಲರಿಗೂ ತಿಳಿದದ್ದೇ. ಅಕ್ಟೋಬರ್ 31ರಂದು ದೆಹಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪಲ್ಟನ್ ದಬಂಗ್ ದೆಹಲಿಗೆ 28-31ರಿಂದ ಸೋತಿತು. ಆ ದಿನ ನಾನು ಪಲ್ಟನ್ನಿಗೆ ಕೂಗಿದೆ. ಮನಸ್ಸಿಟ್ಟೇ ಕೂಗಿದೆ. ಕೊನೆಯ ಸೀಟಿ ಊದಿದಾಗ ಮಗ ದಿಂಬಿನಲ್ಲಿ ಮುಖ ಹುದುಗಿಸಿದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟು ಕೂತೆ. ಮರುದಿನ ಬೆಳಗ್ಗೆ ನವೆಂಬರ್ 1, ರಾಜ್ಯೋತ್ಸವ. ಅವನು ಎದ್ದವನೇ ಕ್ಯಾಲೆಂಡರ್ ನೋಡಿ, "ಇವತ್ತು ನಿಮ್ಮ ಹಬ್ಬ ಅಲ್ವಾ" ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡ. ಇಬ್ಬರೂ ನಕ್ಕೆವು.

ಕಬಡ್ಡಿಯಲ್ಲಿ ರೈಡಿಗೆ ಹೋದವನಿಗೆ ಮೂವತ್ತು ಸೆಕೆಂಡು. ಅಷ್ಟರೊಳಗೆ ಉಸಿರು ಬಿಡದೆ ಮುಟ್ಟಿ, ಬಿಡಿಸಿಕೊಂಡು, ನಡುಗೆರೆಗೆ ಮರಳಬೇಕು. ನಾನು ಗೆರೆ ದಾಟಿ ಹದಿನೇಳು ವರ್ಷವಾಯಿತು. ಬಾಯಲ್ಲಿ ಕನ್ನಡ ಕನ್ನಡ ಎನ್ನುತ್ತಲೇ ಇದ್ದೇನೆ, ಮರಳಿಲ್ಲ. ನಾನು ಎದುರಾಳಿಯ ಅಂಗಳ ಎಂದುಕೊಂಡ ಜಾಗದಲ್ಲೇ ನನ್ನ ಮಗ ಕಾರ್ನರಿಗೆ ನಿಂತು ಬೆಳೆದಿದ್ದಾನೆ. ಅವನನ್ನು ಮುಟ್ಟಿ ಔಟು ಮಾಡಿಕೊಂಡು ನಾನು ಮರಳಲೇ?

ಅರ್ಜಿ ಇನ್ನೂ ಡ್ರಾಯರಿನಲ್ಲಿದೆ. ಹರಿದಿಲ್ಲ, ಕಳಿಸಿಯೂ ಇಲ್ಲ. ಊರಿನಲ್ಲಿ ನಮ್ಮ ತಾಯಿಗೆ ವಯಸ್ಸಾಗಿದೆ. ಆ ಪ್ರಶ್ನೆಯೂ ಸುಳ್ಳಲ್ಲ. ಪರೀಕ್ಷೆ ಮುಗಿಯಲಿ, ಮೂವರೂ ಕೂತು ಮಾತಾಡೋಣ ಎಂದು ಮಗನಿಗೆ ಹೇಳಿದ್ದೇನೆ. ಅವನಿಗೆ ತಿಳಿಯದಂತೆ ಇನ್ನು ಏನನ್ನೂ ನಿರ್ಧರಿಸುವುದಿಲ್ಲ ಎಂದೂ ಹೇಳಿದ್ದೇನೆ. ಅದಕ್ಕೆ ಅವನು, "ಸರಿ, ಆದ್ರೆ ಮುಂದಿನ್ ಸಲ ಮ್ಯಾಚಿನ ಹಿಂದಿನ್ ರಾತ್ರಿ ನಾನು ಬರೀತೀನಿ, ನೀನು ಓದ್ಬೇಕು" ಎಂದ.

ಒಪ್ಪಿದ್ದೇನೆ. ಕ್ಯಾಲೆಂಡರಿನ ಒಂದು ಹಾಳೆಯನ್ನು ಈಗಾಗಲೇ ಹರಿದು ಇಟ್ಟಾಗಿದೆ. ಹ್ರಸ್ವ ದೀರ್ಘಗಳನ್ನು ಪಂದ್ಯ ಮುಗಿದ ಮೇಲೆ ತಿದ್ದಿದರಾಯಿತು.