ಗ್ರನಾಡಾದ ಗಿಟಾರು ಶಿಲ್ಪಿಗಳು

ಸ್ಪೇನ್ ದೇಶದ ಗ್ರನಾಡಾ ನಗರದಲ್ಲಿ ಅಲ್‌ಹಂಬ್ರಾ ಅರಮನೆಗೆ ಏರಿಹೋಗುವ ಗೊಮೇರೆಸ್ ಎಂಬ ಬೀದಿಯುಂಟು. ಗಿಟಾರು ಕಟ್ಟುವ ಶಿಲ್ಪಿಗಳಿಂದ ಅದು ಬಹುಕಾಲದಿಂದ ಹೆಸರಾದುದು. ಇಲ್ಲಿ ವಾದ್ಯವು ಎರಡು ಬಗೆ. ಫ್ಲಮೆಂಕೊ ಗೀತನೃತ್ಯಗಳಿಗೆ ಬೇಕಾದುದನ್ನು ಹಗುರವಾದ ಸೈಪ್ರೆಸ್ ಮರದಿಂದ ಮಾಡುವರು. ಅದರ ನಾದವು ಚುರುಕಾಗಿ ಹೊಮ್ಮಿ ಬೇಗನೆ ಅಡಗುವುದು. ನರ್ತಕಿಯ ಪಾದಘಾತಕ್ಕೆ ಅದೇ ಒಪ್ಪುವುದು. ಶಾಸ್ತ್ರೀಯ ವಾದನದ ಗಿಟಾರಿನ ಬೆನ್ನು ಪಕ್ಕೆಗಳು ಸಾಮಾನ್ಯವಾಗಿ ಬೀಟೆಯವು. ಅದರ ನಾದ ಗಂಭೀರ, ದೀರ್ಘ. ನಮ್ಮ ಸಹ್ಯಾದ್ರಿಯ ಬೀಟೆಯೂ ಈ ಕಾರ್ಯಕ್ಕಾಗಿ ಕಡಲು ದಾಟುತ್ತ ಬಂದಿದೆಯೆಂದರೆ ವಾಚಕರಿಗೆ ಸಂತೋಷವಾಗದಿರದು.

ಆದರೆ ನಾದದ ಮೂಲವು ಬೆನ್ನಿನ ಮರದಲ್ಲಿರುವುದೇ? ನೆರೆಯ ಆಲ್ಮೆರಿಯಾ ಪ್ರಾಂತದ ಅಂತೋನಿಯೊ ದೆ ತೊರ್ರೆಸ್ (1817–1892) ಮೊದಲು ಬಡಗಿ. ಈತನು 1862ರಲ್ಲಿ ಬೆನ್ನು ಪಕ್ಕೆಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ, ಮುಖಫಲಕವನ್ನು ಮಾತ್ರ ಸ್ಪ್ರೂಸ್ ಮರದಿಂದ ಕಟ್ಟಿದನು. ವಾದ್ಯವು ನುಡಿಯಿತು! ತಂತಿಯ ಕಂಪನವನ್ನು ಗಾಳಿಗೆ ಒಪ್ಪಿಸುವುದು ಮುಖ್ಯವಾಗಿ ಆ ಫಲಕವೇ ಎಂಬುದು ಇದರಿಂದ ತೋರಿಬಂದಿತು. ಅದರ ದಪ್ಪ ಎರಡೂವರೆ ಮಿಲಿಮೀಟರಿನ ಆಸುಪಾಸು. ಒಳಗೆ ಬೀಸಣಿಗೆಯಂತೆ ಹರಡಿದ ಸಣ್ಣ ಪಟ್ಟಿಗಳ ಆಧಾರ. ಹೆಚ್ಚು ಹೆರೆದರೆ ತಂತಿಗಳ ಎಳೆತಕ್ಕೆ ಕುಸಿಯುವುದು. ಕಡಿಮೆ ಹೆರೆದರೆ ನಾದವು ಒಳಗೇ ಉಳಿಯುವುದು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬೆರಳಿನಿಂದ ಬಾಗಿಸಿ, ತಟ್ಟಿ, ಕೇಳಿ ಅರಿಯಬೇಕು. ಬೆಲೆಯುಳ್ಳ ಮರವನ್ನು ಹಣವು ತಂದೀತು. ಈ ವಿವೇಕವನ್ನು ಅಭ್ಯಾಸವೊಂದೇ ಕೊಟ್ಟೀತು.