ಕಾರು ಬೀಪ್ ಅಂದರೆ ಯಾರ ತಲೆ ಉಳಿಯುತ್ತದೆ?

ಊರಿಂದ ಬಂದ ನಮ್ಮಲ್ಲಿ ಹಲವರು ಬಿಟಿಎಂ ಲೇಔಟ್, ಬನಶಂಕರಿ ಕಡೆ ರೂಮು ಮಾಡಿಕೊಂಡಿದ್ದೇವೆ. ಇಲ್ಲಿ ಓಡಾಡುವ ಹೊಸ ಕಾರುಗಳಲ್ಲಿ ‘ಅಡಾಸ್’ ಅನ್ನೋ ವ್ಯವಸ್ಥೆ ಬಂದಿದೆ. ಕ್ಯಾಮೆರಾ, ರಾಡಾರ್ ಮುಂದಿನ ರಸ್ತೆ ನೋಡುತ್ತಿರುತ್ತವೆ. ಏನಾದರೂ ಅಡ್ಡ ಬಂದರೆ ಬೀಪ್ ಅನ್ನುತ್ತದೆ. ಡ್ರೈವರ್ ಬ್ರೇಕ್ ಒತ್ತದಿದ್ದರೆ ತಾನೇ ಹಾಕುತ್ತದೆ. ಊರಲ್ಲಿ ಕಾರು ತಗೊಳ್ಳೋರೂ ಈಗ ಇದನ್ನು ಕೇಳುತ್ತಾರೆ: ದುಡ್ಡು ಕೊಟ್ಟಿದ್ದಕ್ಕೆ ಜೀವ ಉಳಿಯುತ್ತದಾ?

ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ರಸ್ತೆ ಸುರಕ್ಷತಾ ಸಂಸ್ಥೆಯೊಂದು ಲೆಕ್ಕ ಹಾಕಿದೆ. ಈ ಬ್ರೇಕ್ ಇರುವ ಕಾರು, ಇಲ್ಲದ ಕಾರು ಎರಡನ್ನೂ ಹೋಲಿಸಿದಾಗ, ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವುದು ಅರ್ಧಕ್ಕೆ ಇಳಿದಿತ್ತು. ಜನಕ್ಕೆ ಗಾಯವಾದ ಅಂಥ ಅಪಘಾತ ಶೇ 56ರಷ್ಟು ಕಡಿಮೆ. ನಡೆದು ಹೋಗುವವರಿಗೆ ಗುದ್ದುವುದು ಶೇ 27ರಷ್ಟು ಕಡಿಮೆ. ಆದರೆ ಬೀದಿದೀಪ ಇಲ್ಲದ ಕತ್ತಲಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಈ ಕೊನೆಯ ಮಾತು ನಮ್ಮದು. ನಮ್ಮೂರ ರಸ್ತೆಗೆ ದೀಪ ಎಲ್ಲಿದೆ?

ಇನ್ನೊಂದು ಲೆಕ್ಕ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5 ದ್ವಿಚಕ್ರ ವಾಹನದವರು, ಶೇ 19.5 ಕಾಲ್ನಡಿಗೆಯವರು. ಹಾಗಾಗಿ ಇಲ್ಲಿ ಅಡಾಸ್ ಎಷ್ಟು ಒಳ್ಳೆಯದು ಅಂತ ಅಳೆಯಬೇಕಾದ್ದು ಕಾರಿನೊಳಗೆ ಕೂತವರಿಂದ ಮಾತ್ರ ಅಲ್ಲ, ಹೊರಗೆ ಇರುವವರಿಂದ. ಸಿಲ್ಕ್ ಬೋರ್ಡ್ ಕಡೆ ಬೈಕುಗಳು ಎಡಬಲದಿಂದ ನುಗ್ಗುತ್ತವೆ. ಬೀಪ್ ಕಾಟ ತಾಳದೆ ಡ್ರೈವರ್ ಅದನ್ನು ಆಫ್ ಮಾಡಿದರೆ, ಕಾಗದದಲ್ಲಿ ಇರುವ ರಕ್ಷಣೆ ರಸ್ತೆಯಲ್ಲಿ ಇರುವುದಿಲ್ಲ.

ಇದನ್ನೆಲ್ಲ ಅಳೆಯುವ ಜಾಗ ನಮ್ಮ ಪಕ್ಕದಲ್ಲೇ ಇದೆ. ಜಯನಗರದ ಹತ್ತಿರದ ನಿಮ್ಹಾನ್ಸ್‌ಗೆ ಎಷ್ಟೋ ಜಿಲ್ಲೆಗಳಿಂದ ತಲೆಗೆ ಪೆಟ್ಟಾದವರನ್ನು ತರುತ್ತಾರೆ. ಆ ಸಂಸ್ಥೆ 2007ರಲ್ಲೇ ನಗರದ ಆಸ್ಪತ್ರೆಗಳು, ಪೊಲೀಸರನ್ನು ಸೇರಿಸಿಕೊಂಡು ಯಾರಿಗೆ, ಎಲ್ಲಿ, ಹೇಗೆ ಗಾಯವಾಯಿತು ಅಂತ ಬರೆದಿಡುವ ಕೆಲಸ ಶುರು ಮಾಡಿತ್ತು. ಅಂಥ ದಾಖಲೆಯಲ್ಲಿ ಒಂದು ಸಾಲು ಸೇರಲಿ ಅನ್ನೋದು ನಮ್ಮ ಆಸೆ: ಗುದ್ದಿದ ವಾಹನದಲ್ಲಿ ಅಡಾಸ್ ಇತ್ತಾ, ಆನ್ ಆಗಿತ್ತಾ? ಆಗ ಅಮೆರಿಕದ ಲೆಕ್ಕ ನಂಬಿಕೊಂಡು ಕೂರಬೇಕಿಲ್ಲ.

ಅಲ್ಲಿಯವರೆಗೆ, ಕಾರು ತಗೊಳ್ಳೋರು ಶೋರೂಮಿನಲ್ಲಿ ಎರಡು ಪ್ರಶ್ನೆ ಕೇಳಿ: ಬೈಕು, ನಡೆಯುವ ಜನ ಇದಕ್ಕೆ ಕಾಣುತ್ತಾರಾ? ರಾತ್ರಿ ಕಾಣುತ್ತಾರಾ? ಬೈಕಿನಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಇರಲಿ. ಟ್ರ್ಯಾಕ್ಟರ್ ಟ್ರೈಲರ್ ಹಿಂದೆ ಹೊಳೆಯುವ ಪಟ್ಟಿ ಇವತ್ತೇ ಅಂಟಿಸಿ. ಅದು ಅಡಾಸ್ ಇಲ್ಲದ ಲಾರಿಯವನಿಗೂ ಕಾಣುತ್ತದೆ.